ತಿಪ್ಪಮ್ಮ ಆಯಿ ರೊಟ್ಟಿ ಒಳಗ ಬಂದ ಆದಿತವಾರ

ಹೋದ ತಿಂಗಳು ವಾಡಿ ಸ್ಟೇಷನ್ನಿನ್ಯಾಗ ನಮ್ಮ ಗಾಡಿ ಎರಡು ತಾಸು ತಡ ಅಂತ ಹೇಳಿದ್ರು. "ಆಯಿ, ಚಾ ಕುಡ್ದು ಬರೋಣ ಬಾ" ಅಂತ ಮೊಮ್ಮಗಳು ಕೈ ಹಿಡದು ಹೊರಗ ಕರಕೊಂಡು ಹೋದ್ಳು. ಚಾ ಅಂಗಡಿ ಬಾಜೂಕ ಒಂದು ಬೇಕರಿ. ಭಟ್ಟಿಯಿಂದ ಆಗಷ್ಟೇ ತಗದ ಡಬಲ್ ರೊಟ್ಟಿ ವಾಸನಿ ಬಂದು ಮೂಗಿಗಿ ಹೊಡೀತು ನೋಡ್ರಿ, ನಾನು ನಡುರಸ್ತಾದಾಗ ನಿಂತು ನಗಲಿಕ್ಕ ಸುರು ಮಾಡಿದೆ. ಹುಡುಗಿ ಗಾಬರಿ ಆದ್ಳು. "ಏನಿಲ್ಲವಾ, ಈ ರೊಟ್ಟಿ ಸಲುವಾಗಿ ಒಮ್ಮಿ ನಾನು ಕಾಗಿಣಾ ಹೊಳಿಯಾಗ ಬಿದ್ದಿದ್ದೆ" ಅಂದೆ. ಆಕಿ ನನ್ನ ಹಣಿ ಮುಟ್ಟಿ ನೋಡಿದ್ಳು. ಮುದುಕೇರು ನಕ್ಕರ ಈಗಿನ ಹುಡುಗರಿಗಿ ಜ್ವರ ಬಂದಂಗ ಕಾಣತದ. ಪೂರಾ ಹೇಳೋದ್ರಾಗ ಗಾಡಿ ಬಂತು. ಅದಕ್ಕ ಬರದು ಇಡ್ಲಿಕತ್ತೀನಿ.

ಅದು ಪೊಲೀಸ್ ಆಕ್ಷನ್ ಆಗಿ ಐದು ವರ್ಷಕ್ಕ ಬಂದ ಮಳಿಗಾಲ. ನಮ್ಮ ಸೀಮಿ ಇನ್ನಾ ಹೈದರಾಬಾದ ರಾಜ್ಯದಾಗೇ ಇತ್ತು, ಉರ್ದು ಸಾಲಿಗೋಳು ಒಂದೊಂದೇ ಕನ್ನಡ ಸಾಲಿ ಆಗ್ಲಿಕತ್ತಿದ್ವು. ನನಗ ಆಗ ಇಪ್ಪತ್ತು. ಬೀದರದಾಗ ಟ್ರೇನಿಂಗ್ ಮುಗಿಸಿ ಬಂದಿದ್ದೆ. ನಮ್ಮ ಕ್ರೈಸ್ತ ಸಭಿಯವರು ನನ್ನ ಚಿತ್ತಾಪುರದ ಆಚಿ, ಕಾಗಿಣಾ ದಾಟಿ ಗುಂಡಗುರ್ತಿ ಕಡಿಗಿ ಹೋಗೋ ಹಾದಿಯಾಗಿನ ಒಂದು ಸಣ್ಣ ಊರಿಗಿ ಹಾಕಿದ್ರು. ಊರಿನ ಹೆಸರು ಬರಿಯಂಗಿಲ್ಲ. ಆ ಮಂದಿ ಮೊಮ್ಮಕ್ಕಳು ಅಲ್ಲೇ ಅದಾರ, ಓದಿ ನಕ್ಕಾರು. ಊರ ಅಂಚಿಗಿ ನಮ್ಮವರವು ಹದಿನೆಂಟು ಮನಿ, ನಡುವ ಮಣ್ಣಿನ ಗ್ವಾಡಿ ಮ್ಯಾಲ ಶಹಾಬಾದ ಫರ್ಸಿ ಕಲ್ಲು ಹೊಚ್ಚಿದ ಪ್ರಾರ್ಥನಾ ಮಂದಿರ. ವಾರದಾಗ ಅದೇ ಸಾಲಿ, ಆದಿತವಾರ ಅದೇ ಗುಡಿ. ಎರಡಕ್ಕೂ ನಾನೇ ಅಕ್ಕೋರು. ಪಾದ್ರಿ ಸಾಹೇಬ್ರು ಸೇಡಂದಾಗ ಇರ್ತಿದ್ರು, ಮೂರು ತಿಂಗಳಿಗೊಮ್ಮಿ ಬಂದು ಪ್ರಭು ಭೋಜನ ಮಾಡಿಸಿ ಹೋಗ್ತಿದ್ರು. ರೊಟ್ಟಿ ಮುರಿದು ಕೊಡೋ ಆ ಸಂಸ್ಕಾರ ಅವರ ಕೈಲೇ ಆಗಬೇಕು, ನನ್ನಂಥವರು ಮಾಡಂಗಿಲ್ಲ.

ನಾನು ಎಂಥಾ ಅಕ್ಕೋರು ಅಂತ ಕೇಳ್ರಿ. ನಮ್ಮಪ್ಪ ಶಹಾಬಾದದಾಗ ಕಲ್ಲಿನ ಮಿಸ್ತ್ರಿ. ದಾರ ಹಿಡದು ನೋಡಿ, ಒಂದು ಜ್ವಾಳದ ಕಾಳಿನಷ್ಟು ಸೊಟ್ಟ ಇದ್ರೂ ಫರ್ಸಿ ಒಗದು ಬಿಡಾಂವ. ಮಕ್ಕಳನ್ನೂ ಅದೇ ದಾರ ಹಿಡದು ಬೆಳಸಿದ. ನಾನಂತೂ ಅಪ್ಪನಿಗಿಂತ ಒಂದು ಕೈ ಮ್ಯಾಲ. ಊರಿಗಿ ಬಂದ ಎಂಟು ದಿನದಾಗ ಒಂದು ದೊಡ್ಡ ರಟ್ಟಿನ ಮ್ಯಾಲ ನೀಲಿ ಶಾಯಿಲೆ ದುಂಡಗ "ಸಭೆಯವರು ಮಾಡಬಾರದ ಸಂಗತಿಗಳು" ಅಂತ ಬರದು ಮಂದಿರದ ಗ್ವಾಡಿಗಿ ತೂಗ ಹಾಕಿದೆ. ಹದಿನೇಳು ಬ್ಯಾಡಗಳು. ಆದಿತವಾರ ಒಲಿ ಹಚ್ಚಬ್ಯಾಡ್ರಿ, ಹೊಲದ ಕೆಲಸ ಬ್ಯಾಡ, ತಲಿಯಾಗ ಹೂವು ಬ್ಯಾಡ, ಟೆಂಟಿನ ಸಿನಿಮಾ ಬ್ಯಾಡ, ಎಳ್ಳ ಅಮಾಸಿಗಿ ಯಾರರ ಹೊಲಕ್ಕ ಭಜ್ಜಿ ಉಣ್ಣಲಿಕ್ಕ ಕರದ್ರ ಹೋಗಬ್ಯಾಡ. ಮಂದಿರದಾಗ ನಗಬ್ಯಾಡ್ರಿ ಅಂತನೂ ಒಂದಿತ್ತು, ಏನ್ ಹೇಳ್ಲಿ! ಅರ್ಧಾದಷ್ಟು ಮೊದಲಿನ ಪಾದ್ರಿ ಹೇಳಿ ಹೋಗಿದ್ದು, ಉಳಿದಿದ್ದು ನನ್ನ ಪದರಿನಿಂದ ಹಾಕಿದ್ದು. ಹದಿನೇಳನೇದು ಪೂರ್ತಿ ನಂದೇ: ಪ್ರಭು ಭೋಜನದ ಹಿಂದಿನ ದಿನ ಹೊತ್ತು ಮುಣುಗಿದಿಂದ ಉಪವಾಸ.

ಮಂದಿ ಓದಲಿಕ್ಕ ಬರದಿದ್ರೂ ರಟ್ಟಿಗಿ ಅಂಜ್ತಿದ್ರು. ಎಲ್ಲಾರಿಗಿಂತ ಹೆಚ್ಚ ಅಂಜ್ತಿದ್ದಾಕಿ ಅದನ್ನ ಬರದಾಕಿ. ಬೀದರದಾಗ ಇದ್ದಾಗಿನಿಂದ ಹಿಡದು ಎರಡು ವರ್ಷ ಆಗಿತ್ತು, ನಾನು ಪ್ರಭು ಭೋಜನದ ರೊಟ್ಟಿ ಮುಟ್ಟಿರಲಿಲ್ಲ. ಮೇಜಿನ ಮ್ಯಾಲ ಬಿಳಿ ಅರಬಿ ಹಾಸಾಕಿ ನಾನು, ತಾಟು ತಿಕ್ಕಾಕಿ ನಾನು, ಉಣ್ಣೋ ಹೊತ್ತಿಗಿ ಸದ್ದಿಲ್ಲದ ಎದ್ದು ಹಿತ್ತಲ ಬಾಗಿಲಿನಿಂದ ಹೊರಗ ಹೋಗಾಕಿನೂ ನಾನೇ. ಪ್ರತಿ ಸಲ ಏನಾರ ಒಂದು ತಪ್ಪು ಸಿಗ್ತಿತ್ತು. ಒಮ್ಮಿ ಗೆಳತಿ ಸೀರಿ ನೋಡಿ ಹೊಟ್ಟಿ ಉರದಿತ್ತು. ಒಮ್ಮಿ ಒಂದು ಕೂಸಿಗಿ ಸಿಟ್ಟಿಲೆ ಏಟು ಹಾಕಿದ್ದೆ. ಒಮ್ಮಿ, ನಗಬ್ಯಾಡ್ರಿ ಮತ್ತ, ಕನಸಿನಾಗ ಸಿನಿಮಾ ನೋಡಿದ್ದೆ. ಅದೂ ಇಂಟರ್ವಲ್ ತನಕಾ. ಎದ್ದು ಕುಂತು, ಇಂಥಾಕಿಗಿ ಯೇಸುಸ್ವಾಮಿ ಮೇಜಿನ ಮುಂದ ಕುಂದ್ರೋ ಯೋಗ್ಯತಿ ಎಲ್ಲದ ಅಂತ ಅತ್ತಿದ್ದೆ. ಹೊರಗಿನಿಂದ ನೋಡಿದವರಿಗಿ ನಾನು ಭಾಳ ಭಕ್ತಿವಂತಿ. ಒಳಗ ನನಗ ದೇವರಂದ್ರ ದಾರ ಹಿಡದು ನಿಂತ ನಮ್ಮಪ್ಪನೇ.

ಆ ಊರಾಗ ನನ್ನಂಗ ರೊಟ್ಟಿ ಉಣ್ಣದಾಕಿ ಇನ್ನೊಬ್ಬಾಕಿ ಇದ್ದಳು, ತಿಪ್ಪಮ್ಮ ಆಯಿ. ಅರವತ್ತರ ಮ್ಯಾಲಿನ ಮುದುಕಿ, ಹಲ್ಲು ನಾಕೋ ಐದೋ, ನಗಿ ಮಾತ್ರ ಬಾಯಿ ತುಂಬ. ದೀಕ್ಷಾಸ್ನಾನದ ಹೊತ್ತಿನ್ಯಾಗ ಆಕಿಗಿ ತಬಿತಾ ಅಂತ ಹೆಸರಿಟ್ಟಿದ್ರು. "ಆ ಹೆಸರು ಹಿಡದು ಕರದ್ರ ನನ್ನ ಎಮ್ಮಿನೂ ತಿರಗಿ ನೋಡಂಗಿಲ್ಲ" ಅಂತಿದ್ದಳು. ಎಳ್ಳ ಅಮಾಸಿ ದಿನ ತಾನು ಕೂಲಿ ಮಾಡೋ ಶರಣಪ್ಪಗೌಡರ ಹೊಲಕ್ಕ ಹೋಗಿ, ಅವರ ಮನಿಯವರ ಜೋಡಿ ಭೂಮಿತಾಯಿಗಿ ಎಡಿ ಅಂತ ಹೊಲದ ತುಂಬ ಚರಗ ಚೆಲ್ಲಿ, ಭಜ್ಜಿ-ಕಡಬು ಉಂಡು ಬಂದಿದ್ದಕ್ಕ ಮೊದಲಿನ ಪಾದ್ರಿ ಆಕಿನ್ನ ಪ್ರಭು ಭೋಜನದಿಂದ ಹೊರಗ ಇಟ್ಟಿದ್ರು. ನಾಕು ವರ್ಷ ಆಗಿತ್ತು. "ವರ್ಷವಿಡೀ ಉಣಿಸಿದ ಭೂಮಿಗಿ ಒಂದು ತುತ್ತು ಹಾಕಿದ್ರ ಯೇಸಪ್ಪಗ ಸಿಟ್ಟು ಬರತದೇನು? ಅಂವ ಅಷ್ಟು ಸಣ್ಣಾಂವೇನು?" ಅಂತ ಪಾದ್ರಿಗೇ ಕೇಳಿದ್ದಳಂತ. ಆದರೂ ಸಭಿ ಬಿಟ್ಟಿರಲಿಲ್ಲ. ಪ್ರತಿ ಆದಿತವಾರ ಬಂದು ಹೊಸ್ತಿಲ ಆಚಿ ಕಟ್ಟಿಮ್ಯಾಲ ಕುಂತು, ಎಲ್ಲಾರಿಗಿಂತ ಜೋರಲೆ, ಎಲ್ಲಾರಿಗಿಂತ ಸೊಟ್ಟ ರಾಗದಾಗ ಹಾಡ್ತಿದ್ದಳು.

ನಾನು ಬಂದ ಮೊದಲನೇ ಪ್ರಭು ಭೋಜನದಾಗ, ಮಿರಗದ ಮಳಿ ಹನಿಯೋ ಹೊತ್ತು, ನಾನು ಹಿತ್ತಲ ಬಾಗಿಲಿನಿಂದ ಹೊರಗ ಬಂದ್ರ ಆಕಿ ಅಲ್ಲೇ ಗ್ವಾಡಿ ಮರಿಗಿ ನಿಂತಿದ್ದಳು.

"ಏ ಅಕ್ಕೋರ, ನನಗಂದ್ರ ಹೊರಗ ಹಾಕ್ಯಾರ. ನಿನಗ್ಯಾರು ಹಾಕಿದ್ರವ್ವಾ?"

ನಾನು ಬಿರುಸಲೆ ಹೇಳಿದೆ, "ನನ್ನ ಮನಸ್ಸಾಕ್ಷಿ."

"ಭಾಳ ಕೆಟ್ಟ ಪಾದ್ರಿ ಅದ ಅದು" ಅಂದ್ಳು ತಿಪ್ಪಮ್ಮ. ಹಿಂಗಂದು ತನ್ನ ಸೆರಗು ನನ್ನ ತಲಿಮ್ಯಾಲ ಹೊಚ್ಚಿದ್ಳು, ತೊಯ್ಯಬಾರದಂತ. ಆಮ್ಯಾಲ ಮಾತು ಬದಲಿ ಮಾಡಿದ್ಳು. ಎರಡು ವರ್ಷದ ಹಿಂದ ಆಕಿ ಗಂಡ ತೀರಿಕೊಂಡಿದ್ದ. ಸಾಯೋ ಮುಂದ ಪಾದ್ರಿ ಬಂದು ಅವನಿಗಿ ಪ್ರಭು ಭೋಜನ ಕೊಟ್ಟಿದ್ರು, ಬಾಜೂಕ ಕುಂತಿದ್ದ ಆಕಿಗಿ ಕೊಟ್ಟಿರಲಿಲ್ಲ. "ನಲವತ್ತು ವರ್ಷ ಒಂದೇ ತಾಟಿನ್ಯಾಗ ಉಂಡವರು ನೋಡವ್ವಾ. ಕಡೀ ತುತ್ತು ಮಾತ್ರ ಅಂವ ಒಬ್ಬನೇ ಉಂಡ. ಸಾಯೋದ್ರೊಳಗ ಒಮ್ಮಿ ನಾನೂ ಉಣಬೇಕು. ಇಷ್ಟೇ ನನ್ನ ಆಶಾ" ಅಂದ್ಳು. ಆಕಿ ಸೆರಗು ಇನ್ನಾ ನನ್ನ ತಲಿಮ್ಯಾಲೇ ಇತ್ತು. ಆದ್ರ ಬಾಯಿಲೆ ಏನಂದೆ ಗೊತ್ತದೇನು? "ಹಂಗಾದ್ರ ಎಳ್ಳ ಅಮಾಸಿಗಿ ಹೋಗೋದು ಬಿಡು ಆಯಿ" ಅಂದೆ. ಈಗ ನೆನಸಿಕೊಂಡ್ರ ನನ್ನ ಕಪಾಳಕ್ಕ ನಾನೇ ಹೊಡಕೋಬೇಕು ಅನಸ್ತದ.

ಆ ವರ್ಷ ಮಳಿ ಚಲೋ ಆಯ್ತು. ಎರಿ ಮಣ್ಣು ಕಾಲಿಗಿ ಹತ್ತಿ ಹತ್ತಿ, ಸಾಲಿಗಿ ಬರೋ ಕೂಸುಗೋಳು ಒಂದೊಂದು ಸೇರು ಮಣ್ಣು ಹೊತಗೊಂಡು ಬರ್ತಿದ್ವು. ಶ್ರಾವಣ ಬರೋದ್ರಾಗ ಹೆಸರು ಕಾಯಿ ಕಪ್ಪಾಗಿ ಬಲಿತು ನಿಂತ್ವು. ಹೆಸರಿನ ಹಣೇಬರಾನೇ ಹಂಗ. ಬಲಿತ ಮ್ಯಾಲ ಎರಡು ದಿನ ಮಳಿ ಹಿಡೀತಂದ್ರ ಗಿಡದಾಗೇ ಮೊಳಕಿ ಒಡೀತದ. ನಮ್ಮ ಸಭಿಯ ರತ್ನಾಬಾಯಿಗಿ ಒಂದು ತುಂಡು ಹೊಲ ಇತ್ತು. ಆಕಿ ಬಾಣಂತಿ, ಗಂಡ ವಾಡಿ ಕಡಿ ಕಲ್ಲಿನ ಗಣಿಯಾಗ ಕೆಲಸಕ್ಕ ಹೋಗಿದ್ದ. ಶನಿವಾರ ತನಕ ಮಳಿ ಹೊಡದು, ಆದಿತವಾರ ಮುಂಜಾನಿ ಬಿಸಿಲು ಬಿತ್ತು. ಆಚಿ ದಿಕ್ಕಿನ್ಯಾಗ ಮತ್ತ ಮೋಡ ಕಪ್ಪಗ ಕೂಡ್ಲಿಕತ್ತಿತ್ತು. ಮಂದಿರದಾಗ ಹೆಂಗಸರೆಲ್ಲಾ ಕುಂತು ನನ್ನ ಪ್ರಸಂಗ ಕೇಳೋ ಬದಲಿ ಕಿಡಕಿಯಾಗ ಮೋಡ ನೋಡ್ಲಿಕತ್ತಿದ್ರು. ನಾನು ಇನ್ನಾ ಜೋರಲೆ ಪ್ರಸಂಗ ಮಾಡಿದೆ. ಹೊರಗ ಕಟ್ಟಿಮ್ಯಾಲ ಹಾಡೋ ಧ್ವನಿ ಕೇಳಸಲಿಲ್ಲ. ತಿಪ್ಪಮ್ಮ ಉಡಿ ಕಟ್ಟಿಕೊಂಡು ರತ್ನಾಬಾಯಿ ಹೊಲಕ್ಕ ಹೋಗಿದ್ದಳು. ಗೌಡರ ಮನಿಯ ಇಬ್ಬರು ಸೊಸೆಂದಿರನ್ನೂ ಕರಕೊಂಡು ಹೋಗಿ, ಸಂಜಿ ಮಳಿ ಬರೋದ್ರಾಗ ಇಡೀ ಹೊಲದ ಹೆಸರು ಬಿಡಸಿ ಬಾಣಂತಿ ಪಡಸಾಲಿಗಿ ತಂದು ಸುರುವಿದ್ಳು.

ಅದೇ ವಾರ ಸೇಡಂದಿಂದ ಕಾಗದ ಬಂತು. ಹೊಸಾ ಪಾದ್ರಿ ಬಂದಿದ್ರು, ದೇವದಾನ ಸಾಹೇಬ್ರು ಅಂತ. "ನಿಮ್ಮ ಸಭಿಯಾಗ ಹೊರಗ ಇಟ್ಟವರು ಯಾರಾದ್ರೂ ಇದ್ರ, ಈ ಸಲ ಒಳಗ ಕರಕೊಳ್ಳಬಹುದೋ ಏನೋ, ನೀವು ಹತ್ತಿರ ಇದ್ದು ನೋಡಿದವರು, ನೀವೇ ತಿಳಿಸ್ರಿ" ಅಂತ ಬರದಿದ್ರು. ನಾನು ಒಂದು ದಿನ ವಿಚಾರ ಮಾಡಿದೆ. ಆ ಮುದುಕಿ ಹೇಳಿದ ಕಡೀ ತುತ್ತಿನ ಮಾತು ನೆನಪಿತ್ತು. ಆದರೂ ಬರದೆ: "ತಿಪ್ಪಮ್ಮ ಉರ್ಫ್ ತಬಿತಾ ಆದಿತವಾರ ಹೊಲದ ಕೆಲಸ ಮಾಡಿದ್ದಾಳೆ. ಒಳಗೆ ಕರೆದುಕೊಳ್ಳುವುದು ಸರಿಯಲ್ಲ." ಟಪಾಲಿಗಿ ಹಾಕಿ ಬಂದು ಆಕಿಗೇ ಹೇಳಿದೆ, ಕದ್ದು ಮಾಡೋದು ಪಾಪ ಅಂತ. ಆಕಿ ಕುಳ್ಳು ತಟ್ಟಲಿಕತ್ತಿದ್ದಳು. "ಬರದೇನವ್ವಾ? ಬರಿ ಬರಿ. ಅಕ್ಷರ ದುಂಡಗ ಬರದಿಯೇನಿಲ್ಲ?" ಅಂತ ನಕ್ಕಳು. ಮರುದಿನ ಮುಂಜಾನಿ ಎಂದಿನಂಗ ನನ್ನ ಮನಿಗಿ ಒಂದು ಚರಿಗಿ ಮಜ್ಜಿಗಿ ಬಂತು. ಆ ಮಜ್ಜಿಗಿ ಕುಡೀಲಿಕ್ಕ ನನಗ ಆಗಲಿಲ್ಲ.

ಪ್ರಭು ಭೋಜನದ ಆದಿತವಾರ ಮಗಿ ಮಳಿಯಾಗ ಬಂತು. ಬಂದರ ಮಗಿ, ಇಲ್ಲಂದ್ರ ಹೊಗಿ ಅಂತಾರಲ್ಲ, ಆ ವರ್ಷ ಬರೋದೇ ಬಂತು. ರೊಟ್ಟಿ ತರೋದು ನನ್ನ ಕೆಲಸ. ನಮ್ಮಾಗ ಪ್ರಭು ಭೋಜನಕ್ಕ ಗೋದಿ ಹಿಟ್ಟಿನ ಉಬ್ಬಿದ ರೊಟ್ಟಿನೇ ಆಗಬೇಕು ಅಂತ ಪದ್ಧತಿ ಬಿದ್ದಿತ್ತು, ಬಿಳಿ ಪಾದ್ರಿ ದೊರಿಗೋಳ ಕಾಲದಿಂದ. ಅದು ಸಿಗೋದು ವಾಡಿ ಜಂಕ್ಷನ್ನಿನ ಬೇಕರಿಯಾಗ ಮಾತ್ರ. ಶನಿವಾರ ನಸಕಿನ್ಯಾಗ ಎದ್ದು, ಹೊಳಿ ದಾಟಿ, ಚಿತ್ತಾಪುರ ತನಕ ನಡದು, ಗಾಡಿ ಹತ್ತಿ ವಾಡಿಗಿ ಹೋಗಿ, ದೊಡ್ಡವು ಎರಡು ಡಬಲ್ ರೊಟ್ಟಿ ತಗೊಂಡೆ. ಮಡಿ ಅರಬಿಯಾಗ ಗಂಟು ಕಟ್ಟಿದೆ. ಈ ಸಲ ಹ್ಯಾಂಗಾರ ಮಾಡಿ ಯೋಗ್ಯಳಾಗಿ ರೊಟ್ಟಿ ಉಣ್ಣಲೇಬೇಕು ಅಂತ ಹಟ ತೊಟ್ಟಿದ್ದೆ. ಶುಕ್ರವಾರ ಸಂಜಿಯಿಂದನೇ ಉಪವಾಸ ಇದ್ದೆ, ಗೆಳತೇರ ಸೀರಿ ನೋಡಿರಲಿಲ್ಲ, ಕನಸೂ ಬಿದ್ದಿರಲಿಲ್ಲ. ಗಾಡಿಯಾಗ ಇಡೀ ಹಾದಿ ಗಂಟು ತೊಡಿಮ್ಯಾಲ ಇಟ್ಟುಕೊಂಡು, ಯಾರ ಮೈಯೂ ತಾಗದಂಗ ಕುಂತಿದ್ದೆ. ಬಿಸಿ ರೊಟ್ಟಿ ವಾಸನಿ, ನನ್ನ ಖಾಲಿ ಹೊಟ್ಟಿ. ಆ ಸಂಕಟ ವೈರಿಗೂ ಬ್ಯಾಡ.

ಮಧ್ಯಾಹ್ನ ಹೊಳಿ ದಂಡಿಗಿ ಬಂದ್ರ ಕಾಗಿಣಾ ಕೆಂಪಗ ಏರಿತ್ತು. ಅಂಬಿಗರ ಹಣಮಂತಣ್ಣ ಹರಗೋಲು ತಯಾರಿ ಇಟ್ಟಿದ್ದ. ಬಿದರಿನ ಬುಟ್ಟಿಗಿ ತೊಗಲು ಹೊಲಿದ ದುಂಡನ ಹರಗೋಲು ಅದು. ಒಳಗ ಹತ್ತಿದ ಕೂಡ್ಲೇ ಅಂವ ಹೇಳಿದ, "ಅಕ್ಕೋರ, ಗಂಟು ತಳಕ್ಕ ಇಟ್ಟು ಕುಂದ್ರಿ. ಇವತ್ತ ಸೆಳವು ಜೋರದ."

ತಳಕ್ಕ ಅಂದ್ರ ತೊಗಲಿನ ಮ್ಯಾಲ. ಪ್ರಭು ಭೋಜನದ ರೊಟ್ಟಿ, ಸತ್ತ ಎಮ್ಮಿ ತೊಗಲಿನ ಮ್ಯಾಲ! "ಇದು ದೇವರದ್ದದ ಅಣ್ಣ, ತೊಗಲಿಗಿ ತಾಗಸಬಾರದು" ಅಂದೆ.

"ತಾಗಿದ್ರ ಏನಾಗತದ್ರಿ? ನಿಮ್ಮ ತಿಪ್ಪಮ್ಮನ ಗಂಡ ಹೊಲಿದ ತೊಗಲಿದು. ಅಂವ ಸತ್ತು ಎರಡು ವರ್ಷ ಆಯ್ತು, ಇವತ್ತಿಗೂ ಒಂದು ಹನಿ ನೀರು ಒಳಗ ಬಂದಿಲ್ಲ ನೋಡ್ರಿ."

ನಾನು ಕೇಳಬೇಕಲ್ಲ? ಗಂಟು ಎರಡೂ ಕೈಲೆ ತಲಿಮ್ಯಾಲ ಎತ್ತಿ ಹಿಡದು ನಿಂತೆ. ಹರಗೋಲಿನ್ಯಾಗ ನಿಂದ್ರಬಾರದು ಅನ್ನೋದು ಕಾಗಿಣಾ ದಂಡಿಯ ಕೂಸಿಗೂ ಗೊತ್ತಿರ್ತದ. ಹಣಮಂತಣ್ಣ "ಕುಂದ್ರಿ, ಅಕ್ಕೋರ, ಕುಂದ್ರಿ ಅಂದೆ" ಅಂತ ಒದರಲಿಕತ್ತ. ನನಗ ಸಿಟ್ಟು ಬಂತು, "ನಿನಗ ಏನ್ ತಿಳೀತದೋ" ಅಂತ ಅವನ ಕಡಿ ತಿರಗಿದೆ. ಅಷ್ಟೇ. ಹರಗೋಲು ಒಂದು ಸುತ್ತು ತಿರಗಿತು, ನಾನು ಇನ್ನೊಂದು ಸುತ್ತು ತಿರಗಿದೆ, ಗಂಟು ಹಾರಿ ಹೊಳಿಗಿ ಬಿತ್ತು, ಅದರ ಹಿಂದ ನಾನು. ಹಣಮಂತಣ್ಣ ಜಡಿ ಹಿಡದು ಎಳಕೊಳ್ಳದಿದ್ರ ಈ ಕಥಿ ಹೇಳಲಿಕ್ಕ ನಾನಿರ್ತಿದ್ದಿಲ್ಲ. ಕೆಮ್ಮಿ ಕೆಮ್ಮಿ ಕಣ್ಣು ತಗದು ನೋಡಿದ್ರ ಅರಬಿ ಬಿಚ್ಚಿಕೊಂಡು, ಎರಡೂ ರೊಟ್ಟಿ ದಂಡೋತಿ ಕಡಿಗಿ ತೇಲಿಕೋತ ಹೊಂಟಿದ್ವು. "ಮೀನಿಗಿ ಇವತ್ತ ಹಬ್ಬಾತು ಬಿಡ್ರಿ" ಅಂದ ಹಣಮಂತಣ್ಣ. ನಾನು ಇಡೀ ಹೊಳಿ ಕೇಳೋಹಂಗ ಅತ್ತೆ. ಕುಂತಿದ್ದೆಲ್ಲಿ? ಅದೇ ತೊಗಲಿನ ಮ್ಯಾಲ.

ಒಂದು ಮಾತು ಇಲ್ಲೇ ಹೇಳಿ ಮುಂದ ಹೋಗ್ತೀನಿ, ಯಾಕಂದ್ರ ಇದನ್ನ ಮುಚ್ಚಿಟ್ರ ಈ ಬರಹ ಸುಳ್ಳಾಗತದ. ನಮ್ಮ ಮುತ್ಯಾನೂ ತೊಗಲು ಹೊಲಿಯಾಂವೇ. ಅವನಿಗಿ ಊರ ಬಾವಿ ಮುಟ್ಟಬ್ಯಾಡ ಅಂತಿದ್ರು, ಓಣಿಯಾಗ ಕೆರವು ಹಾಕಬ್ಯಾಡ ಅಂತಿದ್ರು. ಆ ಬ್ಯಾಡಗಳೆಲ್ಲಾ ಸಾಕಾಗೇ ಅಂವ ಯೇಸುಸ್ವಾಮಿ ಬಾಗಿಲಿಗಿ ಬಂದಿದ್ದ. ಬಾ ಅಂತ ಕರದಾಂವ ಆ ಸ್ವಾಮಿ ಒಬ್ಬನೇ. ಅಂಥಾ ಮುತ್ಯಾನ ಮೊಮ್ಮಗಳು ನಾನು, ಒಳಗ ಬಂದು ಕುಂತು, ಹದಿನೇಳು ಹೊಸಾ ಬ್ಯಾಡ ಬರದು ಗ್ವಾಡಿಗಿ ಹಾಕಿದ್ದೆ. ಮುತ್ಯಾನ ಕೈ ಕಸಬಿನ ತೊಗಲನ್ನೇ ಮೈಲಿಗಿ ಅಂತ ಎತ್ತಿ ಹಿಡಿದಿದ್ದೆ. ಆವತ್ತ ಹರಗೋಲಿನ್ಯಾಗ ಇದು ತಿಳಿಯಲಿಲ್ಲ. ಆವತ್ತ ತಿಳಿದಿದ್ದು ಒಂದೇ, ಎಲ್ಲಾ ಕೆಟ್ಟಿತು, ಸಿಟ್ಟು ಮಾಡಿದೆ, ದೇವರ ರೊಟ್ಟಿ ಕಳದೆ, ಈ ಜನ್ಮದಾಗ ನಾನು ಯೋಗ್ಯಳಾಗೋದಿಲ್ಲ.

ಆದಿತವಾರ ಮುಂಜಾನಿ ಮಳಿ ನಿಂತಿತ್ತು. ದೇವದಾನ ಸಾಹೇಬ್ರು ಸೈಕಲ್ ಹರಗೋಲಿನ್ಯಾಗ ಹಾಕಿಕೊಂಡು ದಾಟಿ ಬಂದ್ರು. ಎತ್ತರದ ಮನಷ್ಯಾ, ಬಿಳಿ ಮೀಶಿ, ಧೋತರದ ತುಂಬ ಎರಿ ಮಣ್ಣು. ಒಣದ್ರಾಕ್ಷಿ ನೆನಸಿ ಹಿಂಡಿದ ರಸದ ಬಾಟ್ಲಿ ಚೀಲದಾಗ ಇತ್ತು. ಹದಿನೆಂಟು ಮನಿ ಮಂದಿ ಉಪವಾಸ ಇದ್ದು ಬಂದು ಚಾಪಿಮ್ಯಾಲ ಕುಂತಿದ್ರು, ರತ್ನಾಬಾಯಿ ಕೂಸು ಎತಗೊಂಡು ಬಂದಿದ್ದಳು. ಖಾಲಿ ತಾಟಿನ ಮುಂದ ನಿಂತು ನಾನು ನಡದಿದ್ದೆಲ್ಲಾ ಹೇಳಿದೆ. ತೊಗಲಿನ ಮಾತು ಬಂದಾಗ ಹಿಂದ ಯಾರೋ ಕಿಸಕ್ಕಂದ್ರು. ಸಾಹೇಬ್ರು ನಗಲಿಲ್ಲ, ಆದ್ರ ಮೀಶಿ ಅಳ್ಳಾಡಿತು.

"ರೊಟ್ಟಿ ಇಲ್ಲರಿ ಸಾಹೇಬ್ರ. ಮುಂದಿನ ಸಲ ಮಾಡೋಣ್ರಿ" ಅಂದೆ.

"ಮುಂದಿನ ಸಲ ಅಂದ್ರ ದೀಪಾವಳಿ ದಾಟತದಲ್ಲವಾ. ಈ ಊರಾಗ ಹದಿನೆಂಟು ಮನಿ ಅವ, ಒಂದರ ರೊಟ್ಟಿ ಸಿಗಂಗಿಲ್ಲೇನು?"

ರತ್ನಾಬಾಯಿ ಹೇಳಿದ್ಳು, "ಆದಿತವಾರ ಒಲಿ ಹಚ್ಚಬಾರದಂತರಿ. ನಿನ್ನೀವು ನಿನ್ನೇ ಮುಗದ್ವು."

ಸಾಹೇಬ್ರು ಗ್ವಾಡಿ ಕಡಿ ನೋಡಿದ್ರು. ಕನ್ನಡಕ ಹಾಕಿಕೊಂಡು, ರಟ್ಟಿನ ಮುಂದ ನಿಂತು, ಒಂದರಿಂದ ಹದಿನೇಳು ತನಕ ಸಾವಕಾಶ ಓದಿದ್ರು. "ಅಕ್ಷರ ಭಾಳ ಚೆಂದ ಅವ" ಅಂದ್ರು. "ಇದರಾಗ ಹಸಿದವರಿಗಿ ಉಣ್ಣಲಿಕ್ಕ ಕೊಡು ಅನ್ನೋದು ಎಷ್ಟನೇದ್ರಾಗ ಅದ? ನನಗ ವಯಸ್ಸಾತು, ಕಣ್ಣಿಗಿ ಸಿಗಲಿಲ್ಲ."

ಅದೇ ಹೊತ್ತಿಗಿ ಹೊಸ್ತಿಲ ಆಚಿ ಕೆಮ್ಮಿದ ಸಪ್ಪಳ ಆಯ್ತು. ತಿಪ್ಪಮ್ಮ ಬಂದು ಕಟ್ಟಿಮ್ಯಾಲ ಕುಂತಿದ್ದಳು, ಕೈಯಾಗ ಅರಬಿ ಮುಚ್ಚಿದ ಬುಟ್ಟಿ. ಒಳಗ ಬರದ, ಅಲ್ಲಿಂದನೇ ಬುಟ್ಟಿ ನನ್ನ ಕಡಿ ಸರಸಿ ಹೇಳಿದ್ಳು, "ಅಕ್ಕೋರ, ಹೊಳಿಯಾಗ ಬಿದ್ದು ಬಂದು ನಿನ್ನೀಯಿಂದ ಏನೂ ಉಂಡಿಲ್ಲಂತ ಹಣಮಂತ ಹೇಳಿದ. ನಾಕು ಬಿಸಿ ರೊಟ್ಟಿ ಬಡದು ತಂದೀನಿ. ಪೂಜಿ ಆದ ಮ್ಯಾಲ ಉಣ್ಣವ್ವಾ." ಅರಬಿ ಸಂದಿಯಿಂದ ಬಿಳಿ ಜ್ವಾಳದ ರೊಟ್ಟಿ ಹಬಿ ಏಳಲಿಕತ್ತಿತ್ತು. ಖಾಲಿ ಹೊಟ್ಟಿಲೆ ಕುಂತ ಇಡೀ ಸಭಿ ಒಮ್ಮಿಗೇ ಆ ಕಡಿ ತಿರಗಿತು.

ಸಾಹೇಬ್ರು ಬಾಗಿ ಬುಟ್ಟಿ ಎತ್ತಿಕೊಂಡ್ರು. ತಾಟಿನ ಕಡಿ ಹೊಂಟ್ರು. ನನಗ ಏನಾಯ್ತೋ, ಅಡ್ಡ ಹೋಗಿ ನಿಂತೆ.

"ಸಾಹೇಬ್ರ, ಇದು ಜ್ವಾಳದ್ದರಿ. ಆದಿತವಾರ ಒಲಿ ಹಚ್ಚಿ ಮಾಡಿದ್ದು. ಮ್ಯಾಲ ಆಕಿ ಹೊರಗಿನಾಕಿ. ನಾನು ಬರದಿದ್ನಲ್ಲರಿ."

"ಓದೀನಿ. ಯಾರ ಹೊಲ ಅಂತನೂ ಬರದಿದ್ರ ಚಲೋ ಇತ್ತು. ಅದು ಈ ಬಾಣಂತಿ ಹೊಲ ಅಂತ ಹೊಳಿ ದಾಟೋ ಮುಂದ ಹಣಮಂತಣ್ಣ ಹೇಳಿದ ಮ್ಯಾಲ ಗೊತ್ತಾತು." ಸಾಹೇಬ್ರ ಧ್ವನಿ ಮೆತ್ತಗೇ ಇತ್ತು. "ಯೇಸುಸ್ವಾಮಿ ತನ್ನೂರಿನ ಮಂದಿ ದಿನಾ ಏನ್ ಉಣ್ತಿದ್ರೋ ಅದನ್ನೇ ಕೈಯಾಗ ಹಿಡದ. ಕಾಗಿಣಾ ದಂಡಿಗಿ ಹುಟ್ಟಿದ್ರ ಏನ್ ಹಿಡೀತಿದ್ದ?"

ಹಿಂದಿನಿಂದ ಹತ್ತು ಮಂದಿ ಕೂಡಿ ಹೇಳಿದ್ರು, "ಬಿಳಿ ಜ್ವಾಳದ ರೊಟ್ಟಿರಿ!" ರತ್ನಾಬಾಯಿ ಕೂಸು ಅಂಜಿ ಅಳಲಿಕ್ಕ ಸುರು ಮಾಡಿತು. ಮಂದಿರದಾಗ ನಗಬಾರದು ಅನ್ನೋದು ಯಾರಿಗೂ ನೆನಪಾಗಲಿಲ್ಲ.

ಸಾಹೇಬ್ರು ರೊಟ್ಟಿ ತಾಟಿನ್ಯಾಗ ಇಟ್ಟು, ಮತ್ತ ಬಾಗಿಲಿಗಿ ಹೋದ್ರು. "ತಿಪ್ಪಮ್ಮಾಯಿ, ಒಳಗ ಬಾ."

ಆಕಿ ಗಾಬರಿ ಆಗಿ ಎದ್ದು ನಿಂತ್ಳು. "ನಾನು ಹೊರಗಿನಾಕಿ ಅಲ್ಲರಿ ಯಪ್ಪಾ?"

"ನಿನ್ನ ರೊಟ್ಟಿ ಒಳಗ ಬಂದದ. ನೀ ಹೊರಗ ಕುಂತ್ರ ಹ್ಯಾಂಗ?"

ನಾಕು ವರ್ಷದ ಮ್ಯಾಲ ಆ ಮುದುಕಿ ಹೊಸ್ತಿಲ ದಾಟಿದ್ಳು. ಕೈಗಿ ಹತ್ತಿದ್ದ ಹಿಟ್ಟು ಸೆರಗಿಗಿ ಒರಸಿಕೊಂಡು, ಮತ್ತ ಮತ್ತ ಒರಸಿಕೊಂಡು, ಹೆಂಗಸರ ಸಾಲಿನ ಮುಂದ ಬಂದು ಮೊಣಕಾಲೂರಿದ್ಳು. ಸಾಹೇಬ್ರು ಹೇಳೋ ಮಾತು ಹೇಳಿ, ಪ್ರಾರ್ಥನಿ ಮಾಡಿ, ರೊಟ್ಟಿ ಮುರದ್ರು. ಮೊದಲನೇ ತುಣುಕು ಆಕಿ ಕೈಯಾಗ ಇಟ್ರು. ತಾನೇ ಬಡದ ರೊಟ್ಟಿ, ಆದರೂ ಆಕಿ ಅದನ್ನ ಈ ಮೊದಲು ಯಾವತ್ತೂ ಕಂಡೇ ಇಲ್ಲ ಅನ್ನೋಹಂಗ ನೋಡಿದ್ಳು. ಆಮ್ಯಾಲ ಬಾಯಾಗ ಹಾಕೊಂಡು, ಇದ್ದ ನಾಕು ಹಲ್ಲಿಲೆ ಸಾವಕಾಶ ಅಗದ್ಳು. ಕಣ್ಣೀರು ಗದ್ದದ ತನಕ ಬಂದಿತ್ತು, ಒರಸಿಕೊಳ್ಳಲಿಲ್ಲ. ಗಂಡನ ಹೆಸರು ಹಿಡದು ಏನೋ ಅಂದ್ಳು, ನನಗಷ್ಟೇ ಕೇಳಸ್ತು. "ನಾನೂ ಉಂಡೆ ನೋಡು" ಅಂದಂಗಿತ್ತು.

ನ್ಯಾಯ ಹೇಳಬೇಕಂದ್ರ ನಾನು ಖುಷಿ ಪಡಬೇಕಿತ್ತು. ನನಗ ಅಳು ಬಂತು. ಆಕಿ ಒಳಗ ಬಂದ್ಳು, ಇನ್ನ ಹೊರಗ ಉಳದಾಕಿ ನಾನೊಬ್ಬಾಕೇ. ಎಂದಿನಂಗ ಹಿಂದಕ್ಕ ಸರಕೊಂಡೆ, ಹಿತ್ತಲ ಬಾಗಿಲ ಚಿಲಕಕ್ಕ ಕೈ ಹಾಕಿದೆ. ಆ ಕೈ ಯಾರೋ ಹಿಡದ್ರು. ತಿಪ್ಪಮ್ಮ. ಮೊಣಕಾಲಿಂದ ಎದ್ದು ಯಾವಾಗ ಬಂದಿದ್ದಳೋ!

"ಎಲ್ಲಿಗಿ ಹೊಂಟಿ?"

"ಬಿಡು ಆಯಿ. ನಾನು ಯೋಗ್ಯಳಲ್ಲ. ನಿನ್ನೇ ಸಿಟ್ಟು ಮಾಡೀನಿ, ರೊಟ್ಟಿ ಕಳದೀನಿ. ನಿನ್ನ ಮ್ಯಾಲ ಕಾಗದ ಬರದೀನಿ."

"ಬರದಿ. ನನಗ ಗೊತ್ತಿಲ್ಲೇನು?" ಆಕಿ ಹಿಡಿತ ಬಿಡಲಿಲ್ಲ. ಹೊಲ ಮಾಡಿದ ಕೈ, ಇಕ್ಕಳ ಇದ್ದಂಗಿತ್ತು. "ಈಗ ನಾನು ಕೇಳೋದು ಒಂದೇ. ಹಸಿವಾಗ್ಯಾದೋ ಇಲ್ಲೋ?"

ನಾನು ಕೈ ಬಿಡಿಸಿಕೊಳ್ಳಲಿಕ್ಕ ನೋಡಿದೆ.

"ಐವತ್ತು ವರ್ಷ ರೊಟ್ಟಿ ಬಡದೀನವ್ವಾ. ಬಾಗಿಲಿಗಿ ಬಂದವರಿಗಿ, ಹೊಟ್ಟಿ ಹಸದದೇನು ಅಂತ ಕೇಳಿ ನೀಡೀನಿ. ಯೋಗ್ಯ ಅದಿಯೇನು ಅಂತ ಒಬ್ಬರಿಗೂ ಕೇಳಿಲ್ಲ. ನನಗೇ ಇಷ್ಟು ತಿಳೀತದಂದ್ರ, ಅವನಿಗಿ ತಿಳಿಯಂಗಿಲ್ಲೇನು?"

ಎರಡು ವರ್ಷ ಗಂಟು ಬಿದ್ದು ಕುಂತಿದ್ದು ಎದಿಯಾಗ ಎಲ್ಲೋ ಬಿಚ್ಚಿಕೊಂಡಂಗ ಆಯ್ತು. "ಹಸದದ ಆಯಿ," ಅಂದೆ, ಸಣ್ಣ ಕೂಸಿನಂಗ, "ಭಾಳ ಹಸದದ." ಆಕಿ ಹಂಗೇ ಕೈ ಹಿಡದು ಮುಂದ ಕರಕೊಂಡು ಹೋಗಿ ತನ್ನ ಬಾಜೂಕ ಕುಂದ್ರಿಸಿಕೊಂಡ್ಳು. ದಾರ ಹಿಡದು ನಿಂತ ನಮ್ಮಪ್ಪ ಆವತ್ತ ನನ್ನ ಕಣ್ಣ ಮುಂದ ಬರಲಿಲ್ಲ. ಬಂದಿದ್ದು ಸಾಹೇಬ್ರ ಒಂದು ಕೈ ಮಾತ್ರ, ಎರಿ ಮಣ್ಣು ಹತ್ತಿದ್ದು, ಒಂದು ತುಣುಕು ರೊಟ್ಟಿ ಹಿಡದಿದ್ದು.

ಬಾಯಾಗ ಹಾಕೊಂಡೆ. ರೊಟ್ಟಿ ಇನ್ನಾ ಬೆಚ್ಚಗಿತ್ತು. ಹೊಸಾ ಹಿಟ್ಟಿನ ಸಿಹಿ, ಅಂಚಿಗಿ ಸ್ವಲ್ಪ ಸೀದಿದ್ದು. ಎಷ್ಟೊತ್ತು ಅಗದೆನೋ ಗೊತ್ತಿಲ್ಲ. ಇಷ್ಟು ವರ್ಷ ಯಾರೋ ಕೊಡ್ಲಿಕತ್ತಿದ್ರು, ನಾನೇ ಕೈ ಹಿಂದ ಕಟ್ಟಿಕೊಂಡು ನಿಂತಿದ್ದೆ ಅನ್ನೋದು ತಿಳೀತು. ಅಳುನೂ ನಗಿನೂ ಕೂಡೇ ಬಂದ್ವು. ನುಂಗಿದ ಮ್ಯಾಲ ನೋಡ್ತೀನಿ, ನನ್ನ ಕೈ ತಾನೇ ಮತ್ತ ಮುಂದ ಚಾಚಿ ನಿಂತದ! ಪ್ರಭು ಭೋಜನದಾಗ ಎರಡನೇ ಸಲ ಕೇಳೋ ಪದ್ಧತಿ ಯಾವ ಸಭಿಯಾಗೂ ಇಲ್ಲ. ನಾಚಿಕಿಲೆ ಕೈ ಎಳಕೊಳ್ಳೋದ್ರಾಗ ದೇವದಾನ ಸಾಹೇಬ್ರು ತಿರಗಿ ನೋಡಿದ್ರು, ತಾಟಿನ್ಯಾಗ ಉಳದಿದ್ದು ನೋಡಿದ್ರು, ಇಡೀ ಅರ್ಧ ರೊಟ್ಟಿ ಎತ್ತಿ ನನ್ನ ಅಂಗೈ ಮ್ಯಾಲ ಇಟ್ರು.

"ಉಣ್ಣು ಮಗಳ" ಅಂದ್ರು.

ಎಲ್ಲಾರ ಮುಂದ, ಅಲ್ಲೇ ನೆಲದ ಮ್ಯಾಲ ಚಕ್ಕಳ ಮಕ್ಕಳ ಹಾಕಿ ಕುಂತು, ನಾನು ಅದನ್ನ ಪೂರಾ ಉಂಡೆ.